ಸಂಪಾದಕರ ಉತ್ತರ: ಅಶೋಕನ ಊರಲ್ಲಿ ಅಶೋಕ ಎಲ್ಲಿದ್ದಾನೆ?

ಸಿಂಧನೂರಿನ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಉದ್ದನೆಯ ಕಾಗದ ಬರೆದಿದ್ದಾರೆ. ಪಿತೃಕಾರ್ಯಕ್ಕೆಂದು ಗಯಾಕ್ಕೆ ಹೋಗಿದ್ದವರು ಬರುವಾಗ ಒಂದು ದಿನ ಪಾಟ್ನಾದಲ್ಲಿ ಉಳಿದರಂತೆ. ಮೂವತ್ತು ವರ್ಷ ಮಕ್ಕಳಿಗೆ ಪಾಟಲಿಪುತ್ರದ ಪಾಠ ಹೇಳಿದ ಮೇಲೆ ಅದನ್ನು ಕಣ್ಣಾರೆ ನೋಡದೆ ಬಂದರೆ ಹೇಗೆ? ಆದರೆ ಅವರಿಗೆ ಸಿಕ್ಕಿದ್ದು ಕುಮ್ಹ್ರಾರ್ ಎಂಬಲ್ಲಿ ಒಂದು ಪಾರ್ಕು, ಅದರಲ್ಲಿ ಮಲಗಿಸಿಟ್ಟ ಒಂದು ಕಲ್ಲಿನ ಕಂಬ. ಅವರು ಕೇಳುತ್ತಾರೆ: "ನಮ್ಮ ಮಸ್ಕಿಯ ಬಂಡೆಯ ಮೇಲೆ ಅಶೋಕ ಅಂತ ಹೆಸರೇ ಇದೆ. ಅವನ ಸ್ವಂತ ಊರಲ್ಲಿ ಅವನ ಒಂದು ಅಕ್ಷರವೂ ಕಾಣಲಿಲ್ಲ. ಬಿಹಾರದವರು ಅವನನ್ನು ಮರೆತೇಬಿಟ್ಟರಾ? ಹಾಗಾದರೆ ಅವನು ಅವರಿಗಿಂತ ನಮಗೇ ಜಾಸ್ತಿ ಹತ್ತಿರದವನು ಅಲ್ವಾ?" ಮುಂದಿನ ಸಲ ಗಯಾಕ್ಕೆ ಹೋದರೆ ಏನು ನೋಡಬೇಕು ಎಂದೂ ಕೇಳಿದ್ದಾರೆ.

ಮೇಷ್ಟ್ರೇ, ನೀವು ಕಂಡಿದ್ದು ಸರಿಯಾಗಿಯೇ ಇದೆ. ಪಾಟ್ನಾ ನಗರದೊಳಗೆ ಇಲ್ಲಿಯವರೆಗೆ ಅಶೋಕನ ಒಂದು ಶಾಸನವೂ ಸಿಕ್ಕಿಲ್ಲ. ಐದನೇ ಶತಮಾನದಲ್ಲಿ ಬಂದ ಚೀನಾದ ಫಾಹಿಯಾನ್ ಅಲ್ಲಿ ಬರಹವಿದ್ದ ಕಂಬವೊಂದನ್ನು ನೋಡಿದ್ದಾಗಿ ಬರೆದಿದ್ದಾನೆ. ಆ ಕಂಬ ಈಗಿಲ್ಲ.

ಆದರೆ ಮರೆತರು ಅನ್ನುವ ಮೊದಲು ಆ ಊರು ಎಂಥದ್ದು ಅಂತ ನೋಡಬೇಕು. ಗ್ರೀಕ್ ರಾಯಭಾರಿ ಮೆಗಾಸ್ತನೀಸ್ ಕಂಡ ಪಾಟಲಿಪುತ್ರಕ್ಕೆ ಮರದ ಕೋಟೆಯಿತ್ತು. 64 ಬಾಗಿಲು, 570 ಬುರುಜು ಎಂದು ಅವನು ಲೆಕ್ಕ ಕೊಡುತ್ತಾನೆ. ಗಂಗೆಯ ದಡ, ಮೆತ್ತನೆಯ ಮೆಕ್ಕಲು ಮಣ್ಣು, ವರ್ಷವರ್ಷವೂ ನೆರೆ. ಅಲ್ಲಿ ಮರದಲ್ಲಿ ಕಟ್ಟಿದ್ದು ಉಳಿದಿದ್ದೇ ಹೆಚ್ಚು. ಬುಲಂದಿಬಾಗ್‌ನಲ್ಲಿ ಅಗೆದಾಗ ಆ ಕೋಟೆಯ ಮರದ ದಿಮ್ಮಿಗಳು ನೆಲದಡಿಯಲ್ಲಿ ಸಾಲಾಗಿ ನಿಂತಿದ್ದು ಸಿಕ್ಕಿತು. ಅದರ ಮೇಲೆ ಎರಡು ಸಾವಿರ ವರ್ಷ ಜನ ಮನೆ ಕಟ್ಟುತ್ತಲೇ ಬಂದಿದ್ದಾರೆ. ಹಂಪಿಯ ಹಾಗೆ ಊರು ಖಾಲಿಯಾಗಿದ್ದರೆ ಏನಾದರೂ ಉಳಿಯುತ್ತಿತ್ತೋ ಏನೋ. ಪಾಟ್ನಾ ಖಾಲಿಯಾಗಲಿಲ್ಲ.

ನೀವು ನೋಡಿದ ಕುಮ್ಹ್ರಾರ್ ಕೂಡ ಸುಮ್ನೆ ಒಂದು ಪಾರ್ಕಲ್ಲ. 1912-13ರಲ್ಲಿ ಡಿ.ಬಿ. ಸ್ಪೂನರ್ ಅಲ್ಲಿ ಅಗೆಸಿದರು. ಹಣ ಕೊಟ್ಟವರು ಸರ್ ರತನ್ ಟಾಟಾ. (ಜಮ್ಶೆಡ್ಜಿಯವರ ಮಗ. 2024ರಲ್ಲಿ ತೀರಿಕೊಂಡ ರತನ್ ಟಾಟಾ ಅಲ್ಲ.) ಸಿಕ್ಕಿದ್ದು ಒಂದು ಇಡೀ ಕಂಬ, ಉಳಿದಂತೆ ರಾಶಿ ರಾಶಿ ಚೂರು. ಕಂಬಗಳಿದ್ದ ಕಡೆಯೆಲ್ಲ ಬೂದಿ ತುಂಬಿದ ದುಂಡನೆಯ ಗುಳಿಗಳಿದ್ದವು, ಅಳೆದು ಇಟ್ಟಂತೆ ಸಮ ದೂರದಲ್ಲಿ, ಸಾಲು ಸಾಲಾಗಿ. ಆ ಗುಳಿಗಳನ್ನು ಎಣಿಸಿಯೇ 80 ಕಂಬಗಳ ಸಭಾಂಗಣ ಎಂಬ ಲೆಕ್ಕ ಬಂದಿದ್ದು. ಅಂದರೆ ಪುಸ್ತಕಗಳಲ್ಲಿ ಬರುವ ಆ ದೊಡ್ಡ ಮಂಟಪ ನಮಗೆ ಗೊತ್ತಾಗಿದ್ದು ಬಹುಪಾಲು ಇಲ್ಲದ ಕಂಬಗಳಿಂದ. ಆಮೇಲೆ ಅಂತರ್ಜಲ ಮೇಲೆದ್ದು ಅಗೆದ ಜಾಗ ಕೆರೆಯಂತಾಗುತ್ತಿತ್ತು. ಈ ಶತಮಾನದ ಮೊದಲಲ್ಲಿ ಪುರಾತತ್ವ ಇಲಾಖೆಯವರು ಅದನ್ನು ಮಣ್ಣು ಹಾಕಿ ಮುಚ್ಚಿದರು. ನೀವು ನಿಂತಿದ್ದ ಹುಲ್ಲಿನ ಕೆಳಗೇ ಅದು ಇತ್ತು!

ಇನ್ನು ಅಕ್ಷರದ ವಿಷಯ. ಇಲ್ಲೊಂದು ತಮಾಷೆ ಇದೆ. ಅಶೋಕ ತನ್ನನ್ನು ಮಗಧದ ರಾಜ ಎಂದು ಕರೆದುಕೊಂಡಿರುವ ಶಾಸನ ಮಗಧದಲ್ಲಿಲ್ಲ, ರಾಜಸ್ಥಾನದ ಬೈರಾಟಿನಲ್ಲಿ ಸಿಕ್ಕಿತು. ಹಲವು ಊರುಗಳಲ್ಲಿ ಕೆತ್ತಿಸಿದ ಐದನೇ ಬಂಡೆ ಶಾಸನದಲ್ಲಿ ಬೇರೆ ಕಡೆಯೆಲ್ಲ "ಇಲ್ಲಿ" ಎಂದಷ್ಟೇ ಇರುವ ಕಡೆ, ಗುಜರಾತಿನ ಗಿರ್ನಾರಿನಲ್ಲಿ ಮಾತ್ರ "ಪಾಟಲಿಪುತ್ರದಲ್ಲಿ" ಎಂದು ಬಿಡಿಸಿ ಬರೆದಿದ್ದಾರೆ. "ಇಲ್ಲಿ" ಅಂದರೆ ಅಷ್ಟು ದೂರದ ಓದುಗನಿಗೆ ಗೊಂದಲ ಆದೀತು ಅಂತ ಅಲ್ಲಿನ ಬರಹಗಾರನಿಗೆ ಅನ್ನಿಸಿರಬೇಕು. ಇನ್ನು ಅವನ ಹೆಸರು ಅಶೋಕ ಎಂದು ಸ್ಪಷ್ಟವಾಗಿ ಇರುವುದು ನಿಮ್ಮ ಮಸ್ಕಿಯಲ್ಲಿ, ಬಳ್ಳಾರಿ ಕಡೆಯ ನಿಟ್ಟೂರು ಮತ್ತು ಉದೆಗೊಳಂನಲ್ಲಿ, ಮಧ್ಯಪ್ರದೇಶದ ಗುಜರ್ರಾದಲ್ಲಿ.

ನನಗೆ ಅನ್ನಿಸುವುದು ಇಷ್ಟು. ಈ ಬಂಡೆ ಶಾಸನಗಳು ರಾಜಧಾನಿಯಿಂದ ಹೊರಟ ಕಾಗದಗಳು. ಮನೆಯಲ್ಲಿ ಕೂತವರಿಗೆ ಯಾರೂ ಕಾಗದ ಬರೆಯುವುದಿಲ್ಲ. ದೂರದಲ್ಲಿರುವವರಿಗೆ ಬರೆಯುತ್ತಾರೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯದ್ದನ್ನೇ ನೋಡಿ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಇಸಿಲದ ಅಧಿಕಾರಿಗಳ ಕ್ಷೇಮ ವಿಚಾರಿಸಿ ಆಮೇಲೆ ವಿಷಯಕ್ಕೆ ಬರುತ್ತಾನೆ, ನಾವು ಕ್ಷೇಮ, ನೀವು ಕ್ಷೇಮವೇ ಅನ್ನುವ ಹಾಗೆ. ತಂದೆ ತಾಯಿಯ ಮಾತು ಕೇಳಿ, ಜೀವಗಳ ಮೇಲೆ ದಯೆ ಇರಲಿ, ನಿಜ ಹೇಳಿ ಎನ್ನುತ್ತದೆ ಅದು. ಶಿಷ್ಯರು ಗುರುವಿಗೆ ಗೌರವ ಕೊಡಬೇಕು ಎಂಬ ಮಾತೂ ಅದರಲ್ಲಿದೆ, ನೀವು ಸಮಾಧಾನ ಪಡಬಹುದು. ಕೊನೆಗೆ ಬರೆದವನ ಹೆಸರು: ಚಪಡ. ಅವನು ತನ್ನ ಕೆಲಸವನ್ನು ಹೇಳುವ ಪದವನ್ನು ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಬಲದಿಂದ ಎಡಕ್ಕೆ ಗೀಚಿದ್ದಾನೆ. ಮೊಳಕಾಲ್ಮೂರಿನ ಬಂಡೆಯ ಮೇಲೆ ಪೇಶಾವರದ ಕಡೆಯ ಕೈಬರಹ!

ಹಾಗಂತ ಬಿಹಾರ ಪೂರ್ತಿ ಬರಿಗೈಯಲ್ಲಿಲ್ಲ. ಪಾಟ್ನಾ ಬಿಟ್ಟು ಗಂಗೆ ದಾಟಿ ಉತ್ತರಕ್ಕೆ ಹೋದರೆ ಚಂಪಾರಣ್ ಸೀಮೆಯಲ್ಲಿ ಅವನ ಕಂಬಗಳ ಸಾಲೇ ಇದೆ. ಬೇತಿಯಾ ಹತ್ತಿರದ ಲೌರಿಯಾ ನಂದನಗಢದ ಕಂಬ ಇವತ್ತಿಗೂ ಮೊದಲು ನಿಲ್ಲಿಸಿದ ಜಾಗದಲ್ಲೇ ನಿಂತಿದೆ, ಸಿಂಹವನ್ನೂ ಹೊತ್ತುಕೊಂಡು. ಸಿಂಹದ ಪೀಠದ ಸುತ್ತ ಹಂಸಗಳು ಕಾಳು ಹೆಕ್ಕುತ್ತಾ ನಡೆಯುತ್ತವೆ. ಸಿಂಹದ ಬಾಯಿಗೆ ಮಾತ್ರ ಯಾವಾಗಲೋ ಏಟು ಬಿದ್ದಿದೆ, ಫಿರಂಗಿ ಗುಂಡಿನದು ಅನ್ನುತ್ತಾರೆ. ಕಂಬದ ಮೇಲೆ ಅಶೋಕನ ಬ್ರಾಹ್ಮಿ ಅಕ್ಷರಗಳ ಜೊತೆ ಪರ್ಷಿಯನ್‌ನಲ್ಲಿ ಔರಂಗಜೇಬನ ಹೆಸರು, ಹಿಜರಿ 1071. ಇನ್ನೊಂದು ಕಡೆ ರೂಬನ್ ಬರೋ ಎಂಬ ಇಂಗ್ಲಿಷಿನವನ ಹೆಸರು, 1792. ನಮ್ಮ ಹುಡುಗರು ಗುಡಿ ಗೋಡೆ ಮೇಲೆ ಹೆಸರು ಕೆತ್ತಿದಾಗ ಬೈಯುತ್ತೇವೆ. ಬಾದಶಹನ ಕಾಲಕ್ಕೇ ಅದು ಶುರುವಾಗಿತ್ತು.

ಈಗ ನಿಮ್ಮ "ಮರೆತರಾ" ಎಂಬ ಮಾತಿಗೆ ಬರುತ್ತೇನೆ. ಲೌರಿಯಾದ ಸುತ್ತಲಿನ ಜನ ಆ ಕಂಬವನ್ನು ಎಂದೂ ಬಿಟ್ಟಿರಲಿಲ್ಲ. ಲಿಂಗ ಎಂದು ಪೂಜೆ ಮಾಡುತ್ತಿದ್ದರು ಎಂದು ಹತ್ತೊಂಬತ್ತನೇ ಶತಮಾನದಲ್ಲೇ ಪುರಾತತ್ವಜ್ಞ ಕನ್ನಿಂಗ್‌ಹ್ಯಾಂ ಬರೆದಿದ್ದಾರೆ. ವೈಶಾಲಿ ಹತ್ತಿರದ ಕಂಬ ಅಲ್ಲಿನವರಿಗೆ ಭೀಮಸೇನನ ಲಾಠಿ. ಯಾರು ನಿಲ್ಲಿಸಿದ್ದು ಅನ್ನುವುದಷ್ಟೇ ಕಳೆದುಹೋಗಿತ್ತು. ಅದು ನಮ್ಮಲ್ಲೂ ಕಳೆದುಹೋಗಿತ್ತು ಬಿಡಿ. ಸನ್ನತಿಯ ಚಂದ್ರಲಾಂಬಾ ಗುಡಿ ಆವರಣದಲ್ಲಿ ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯೇ ಅಶೋಕನ ಶಾಸನ ಎಂದು ಗೊತ್ತಾಗಿದ್ದು 1989ರಲ್ಲಿ. ನಿಮ್ಮ ಮಸ್ಕಿಯ ಬಂಡೆ 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಣ್ಣಿಗೆ ಬೀಳುವ ತನಕ ಅದೂ ಒಂದು ಬಂಡೆ ಅಷ್ಟೇ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಓದಿದ ಮೇಲೂ ಶಾಸನಗಳಲ್ಲಿ ರಾಜನಿಗಿರುವ ಈ "ದೇವಾನಾಂಪ್ರಿಯ ಪ್ರಿಯದರ್ಶಿ" ಎಂಬ ಬಿರುದು ಯಾರದು ಎಂಬುದನ್ನು ಸಿಂಹಳದ ಪಾಳಿ ಗ್ರಂಥ ನೋಡಿ ಜಾರ್ಜ್ ಟರ್ನರ್ ಹೇಳಬೇಕಾಯಿತು. ಮಸ್ಕಿ ಅದಕ್ಕೆ ಮೊಹರು ಒತ್ತಿತು.

ಪಾಟ್ನಾದಲ್ಲಿ ನೀವು ತಪ್ಪಿಸಿಕೊಂಡ ಜಾಗ ಒಂದಿದೆ. ಗುಲ್ಜಾರ್‌ಬಾಗ್ ಸ್ಟೇಷನ್ ಹತ್ತಿರದ ಅಗಮ್ ಕುವಾಂ, ಒಂದು ಬಾವಿ. ಸುಮಾರು 105 ಅಡಿ ಆಳ. ಮೇಲಿನ ಭಾಗ ಇಟ್ಟಿಗೆ, ಕೆಳಗೆ ಮರದ ಬಳೆಗಳು. ಪಕ್ಕದಲ್ಲೇ ಶೀತಲಾ ದೇವಿಯ ಗುಡಿ. ಮೈಮೇಲೆ ಅಮ್ಮ ಎದ್ದರೆ ಹರಕೆ ಹೊರುವ ದೇವಿ. ಅವಳಿಗೆ ಪೂಜೆ ಮಾಡಿದವರು ಬಾವಿಗೂ ಹೂವು, ಕಾಸು ಹಾಕಿ ಹೋಗುತ್ತಾರೆ. ಅಶೋಕ ಪಟ್ಟಕ್ಕಾಗಿ 99 ಜನ ಅಣ್ಣತಮ್ಮಂದಿರನ್ನು ಕೊಂದು ಇದಕ್ಕೇ ಎಸೆದ ಎಂಬುದು ಅಲ್ಲಿನ ಕಥೆ. ಬೌದ್ಧ ಕಥೆಗಳಲ್ಲಿ ಅವನು ಕಟ್ಟಿಸಿದ ನರಕ ಎಂಬ ಸೆರೆಮನೆ ಬರುತ್ತದಲ್ಲ, ಅದು ಇದ್ದಿದ್ದು ಇಲ್ಲೇ ಎಂದು 1890ರ ದಶಕದಲ್ಲಿ ಸಂಶೋಧಕ ವಾಡೆಲ್ ವಾದಿಸಿದರು.

ಕಥೆ ಚೆನ್ನಾಗಿದೆ. ಆದರೆ ಮೇಲೆ ಹೇಳಿದ ಗಿರ್ನಾರಿನ ಸಾಲನ್ನು ಪೂರ್ತಿ ಓದಿ. ಪಾಟಲಿಪುತ್ರದಲ್ಲೂ ಹೊರಗಿನ ಊರುಗಳಲ್ಲೂ ನನ್ನ ಅಣ್ಣತಮ್ಮಂದಿರ, ಅಕ್ಕತಂಗಿಯರ, ಬಳಗದವರ ಮನೆಗಳಲ್ಲಿ ಧರ್ಮದ ಅಧಿಕಾರಿಗಳು ಕೆಲಸ ಮಾಡುತ್ತಿದ್ದಾರೆ ಎನ್ನುತ್ತದೆ ಅದು. ಎಲ್ಲರನ್ನೂ ಬಾವಿಗೆ ಹಾಕಿದವನಿಗೆ ಅಷ್ಟೊಂದು ಅಣ್ಣತಮ್ಮಂದಿರ ಮನೆಗಳು ಎಲ್ಲಿಂದ ಬಂದವು? ಅಶೋಕನ ತವರಿನ ಜನ ಅವನನ್ನು ನೆನಪಿಟ್ಟುಕೊಂಡಿದ್ದು ಕಥೆಯ ಕಡೆಯಿಂದ. ನಾವು ತಿಳಿದಿದ್ದು ಕಲ್ಲಿನ ಕಡೆಯಿಂದ. ಎರಡು ಅಶೋಕರೂ ಒಂದೇ ಅಲ್ಲ.

ಇನ್ನು ಈಗಿನ ಬಿಹಾರಕ್ಕೆ ಅವನ ನೆನಪು ಕಡಿಮೆಯಿಲ್ಲ, ಸ್ವಲ್ಪ ಜಾಸ್ತಿಯೇ ಆಗಿದೆ. ಪಾಟ್ನಾ ವಿಶ್ವವಿದ್ಯಾಲಯ, ದೊಡ್ಡಾಸ್ಪತ್ರೆ, ಖುದಾ ಬಕ್ಷ್ ಗ್ರಂಥಾಲಯ ಇರುವ ಹಳೇ ರಸ್ತೆಯ ಹೆಸರೇ ಅಶೋಕ ರಾಜಪಥ. ಅಂಗಡಿ ಸಂಕೀರ್ಣ ಮೌರ್ಯ ಲೋಕ. ಸರ್ಕಾರ ಕಟ್ಟಿಸಿದ ಭಾರಿ ಸಭಾಭವನ ಸಾಮ್ರಾಟ್ ಅಶೋಕ ಕನ್ವೆನ್ಷನ್ ಸೆಂಟರ್. 2015ರಲ್ಲಿ ಅಶೋಕ ಜಯಂತಿಗೆ ಸರ್ಕಾರಿ ರಜೆ ಘೋಷಿಸಿದರು, ಚೈತ್ರ ಶುದ್ಧ ಅಷ್ಟಮಿಯಂದು. 2016ರಲ್ಲಿ ಆ ತಿಥಿ ಏಪ್ರಿಲ್ 14ಕ್ಕೆ, ಅಂಬೇಡ್ಕರ್ ಜಯಂತಿಯ ದಿನವೇ ಬಿತ್ತು. ಅಶೋಕ ಹುಟ್ಟಿದ ದಿನ ಯಾವ ಶಾಸನದಲ್ಲೂ ಇಲ್ಲ ಎಂಬುದು ಬೇರೆ ಮಾತು. ಜನ ಸೇರುವ ಜಾತ್ರೆ ಸಮಾರಂಭಗಳಲ್ಲಿ ದೋಷವೇ ಹೆಚ್ಚು ಎಂದು ಮೊದಲ ಬಂಡೆ ಶಾಸನದಲ್ಲೇ ಬರೆಸಿದ ಮನುಷ್ಯ ಅವನು. ಅವನ ಹೆಸರಲ್ಲಿ ಮೈಕು, ಮೆರವಣಿಗೆ!

ಇದರ ಹಿಂದೆ ಇರುವುದು ಜಾತಿ ಲೆಕ್ಕ. ಕುಶ್ವಾಹ ಅಥವಾ ಕೊಯಿರಿ ಸಮುದಾಯದವರು ಮೌರ್ಯರು ತಮ್ಮ ಪೂರ್ವಿಕರು ಎನ್ನುತ್ತಾರೆ. ಅವರ ಮತ ದೊಡ್ಡದು, ಹಾಗಾಗಿ ಎಲ್ಲ ಪಕ್ಷಗಳಿಗೂ ಅಶೋಕ ಬೇಕು. 2022ರಲ್ಲಿ ಅಶೋಕನ ಮೇಲೆ ನಾಟಕ ಬರೆದ ಲೇಖಕರೊಬ್ಬರು ಅವನನ್ನು ಔರಂಗಜೇಬನಿಗೆ ಹೋಲಿಸಿದಾಗ ಪಾಟ್ನಾದಲ್ಲಿ ಆಳುವ ಪಕ್ಷಗಳೇ ಪರಸ್ಪರ ಕಿತ್ತಾಡಿದವು. ನಮ್ಮಲ್ಲಿ ಮಹಾಪುರುಷರ ಜಯಂತಿಗಳು ಯಾವ ಯಾವ ಕಾರಣಕ್ಕೆ ಶುರುವಾದವು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ಒಂದು ಮಾತು. ಅಷ್ಟು ಶಾಸನ ಬರೆಸಿದ ಅಶೋಕ ಎಲ್ಲೂ ತನ್ನ ಜಾತಿ ಹೇಳಿಲ್ಲ. ಅಪ್ಪ ಬಿಂದುಸಾರನ ಹೆಸರನ್ನಾಗಲೀ, ಶ್ರವಣಬೆಳಗೊಳಕ್ಕೆ ಬಂದು ದೇಹ ಬಿಟ್ಟ ಎಂದು ಜೈನರು ಹೇಳುವ ಅಜ್ಜ ಚಂದ್ರಗುಪ್ತನ ಹೆಸರನ್ನಾಗಲೀ ಎತ್ತಿಲ್ಲ.

ಜಯಂತಿಗೆ ಇರುವ ಉತ್ಸಾಹ ಕಲ್ಲಿಗೆ ಇಲ್ಲ ಎಂಬುದೇ ನನ್ನ ತಕರಾರು. ಸಾಸಾರಾಮಿನ ಬೆಟ್ಟದ ಗುಹೆಯಲ್ಲಿ ಅವನ ಕಿರು ಬಂಡೆ ಶಾಸನ ಇದೆ, ಮಸ್ಕಿಯದ್ದರ ದಾಯಾದಿ. ವರ್ಷಗಟ್ಟಲೆ ಅದಕ್ಕೆ ಬೀಗ ಬಿದ್ದಿತ್ತು, ಅಕ್ಷರದ ಮೇಲೆ ಸುಣ್ಣ ಬಳಿದಿತ್ತು. ಪುರಾತತ್ವ ಇಲಾಖೆಯವರ ಕೈಗೆ ಕೀಲಿ ಬಂದಿದ್ದು 2022ರ ಕೊನೆಗೆ. ಚಂಪಾರಣ್‌ನ ರಾಂಪುರ್ವಾದ ಗೂಳಿ ದಿಲ್ಲಿಯ ರಾಷ್ಟ್ರಪತಿ ಭವನ ಸೇರಿದೆ, ಅಲ್ಲಿನ ಸಿಂಹ ಕೋಲ್ಕತ್ತದ ಮ್ಯೂಸಿಯಂನಲ್ಲಿದೆ. ಹಾಗಾಗಿ ಅಲ್ಲಿಗೆ ಹೋದವರಿಗೆ ಇನ್ನೂ ಕಡಿಮೆ ಕಾಣುತ್ತದೆ.

"ಅವನು ನಮಗೇ ಜಾಸ್ತಿ ಹತ್ತಿರ" ಎಂಬುದನ್ನು ನಾನು ಒಪ್ಪುವುದಿಲ್ಲ. ಹೆಸರು ನಮ್ಮಲ್ಲಿ ಸಿಕ್ಕಿತು, ಸರಿ. ಕನಗನಹಳ್ಳಿಯ ಸ್ತೂಪದಲ್ಲಿ ರಾಣಿಯೊಡನೆ ನಿಂತ ರಾಜನ ಶಿಲ್ಪ ಇದೆ, ಕೆಳಗೆ "ರಾಯೋ ಅಸೋಕೋ" ಎಂದು ಬರೆದಿದೆ, ಅದೂ ನಮ್ಮ ಭಾಗ್ಯ. ಆದರೆ ಅದನ್ನು ಕೆತ್ತುವಾಗ ಅವನು ಸತ್ತು ತುಂಬಾ ಕಾಲ ಆಗಿತ್ತು. ಬದುಕಿದ್ದಾಗ ಅವನು ನಡೆದಾಡಿದ ನೆಲ ಬಿಹಾರ. ಪಟ್ಟಕ್ಕೆ ಬಂದ ಹತ್ತನೇ ವರ್ಷ ಬೋಧಗಯೆಗೆ ಹೋದೆ ಎಂದು ಅವನೇ ಹೇಳಿದ್ದಾನೆ. ಈಗ ಬಿಹಾರದಲ್ಲಿ ಬೌದ್ಧರು ನೂರಕ್ಕೆ ಒಬ್ಬರೂ ಇಲ್ಲ. ಆದರೂ ಸಿಂಹಳದವರು, ಥಾಯ್ಲೆಂಡಿನವರು ಅವನ ದಾರಿ ಹಿಡಿದು ಬರುವುದು ಅಲ್ಲಿಗೇ.

ಕೊನೆಗೆ ನಿಮ್ಮ ಪ್ರಯಾಣದ ಪ್ರಶ್ನೆ. ಮತ್ತೆ ಗಯಾಕ್ಕೆ ಹೋದರೆ ಪಾಟ್ನಾದಲ್ಲಿ ದಿನ ಕಳೆಯಬೇಡಿ, ಬರಾಬರ್ ಬೆಟ್ಟಕ್ಕೆ ಹೋಗಿ. ಗಯಾ-ಪಾಟ್ನಾ ರೈಲು ದಾರಿಯಲ್ಲಿ ಮಖ್ದುಂಪುರದಲ್ಲಿ ಇಳಿಯಬೇಕು, ಅಲ್ಲಿಂದ ಗಾಡಿ. ಅಲ್ಲಿ ಗಟ್ಟಿ ಗ್ರಾನೈಟ್ ಬಂಡೆಯ ಹೊಟ್ಟೆ ಕೊರೆದು ಮಾಡಿದ ಗುಹೆಗಳಿವೆ. ಸುದಾಮ ಗುಹೆಯ ಬಾಗಿಲಲ್ಲಿ, ಪಟ್ಟಕ್ಕೆ ಬಂದು 12 ವರ್ಷವಾದಾಗ ಪ್ರಿಯದರ್ಶಿ ರಾಜ ಈ ಆಲದ ಗುಹೆಯನ್ನು ಆಜೀವಿಕರಿಗೆ ಕೊಟ್ಟ ಎಂದು ಬರೆದಿದೆ. ಬೌದ್ಧನಾದವನು ಬೇರೆ ಪಂಥದವರಿಗೆ ಕೊಟ್ಟಿದ್ದು. ಆಮೇಲೆ ಯಾರೋ "ಆಜೀವಿಕ" ಎಂಬ ಅಕ್ಷರಗಳನ್ನೇ ಉಳಿಯಿಂದ ಕೆಡಿಸಿದ್ದಾರೆ, ಗುರುತು ಕಾಣುತ್ತದೆ. ಒಳಗಿನ ಗೋಡೆಗೆ ಕೈಯಿಟ್ಟು ನೋಡಿ, ಗಾಜಿನಷ್ಟು ನುಣುಪು. ಮಾತಾಡಿದರೆ ದನಿ ಬಹಳ ಹೊತ್ತು ಸುತ್ತುತ್ತದೆ. ಒಳಗೆ ಕತ್ತಲು, ಒಳ್ಳೆ ಟಾರ್ಚು ಇಟ್ಟುಕೊಳ್ಳಿ. ಶ್ರಾವಣದಲ್ಲಿ ಮಾತ್ರ ಬೇಡ. ಬೆಟ್ಟದ ಮೇಲಿನ ಸಿದ್ಧೇಶ್ವರನಾಥನ ಗುಡಿಗೆ ಆಗ ವಿಪರೀತ ಜನ.