ಆಸ್ಕರ್ ಊಹೆ: ಲೆಕ್ಕ ಎಲ್ಲಿ ಕೂಡುತ್ತದೆ, ಎಲ್ಲಿ ಕೈಕೊಡುತ್ತದೆ

ಓದುಗರ ಪ್ರಶ್ನೆ, ನಮ್ಮ ಉತ್ತರ

ಆಸ್ಕರ್ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸುತ್ತ ತಿರುಗುತ್ತವೆ: ಯಾರು ಗೆಲ್ಲುತ್ತಾರೆಂದು ಮೊದಲೇ ಹೇಳುವುದು ಹೇಗೆ? ಕೆಲವನ್ನು ಆರಿಸಿ ಉತ್ತರಿಸಿದ್ದೇವೆ. ಕೆಳಗೆ ಬರುವ ವರ್ಷಗಳೆಲ್ಲ ಸಮಾರಂಭ ನಡೆದ ವರ್ಷಗಳು, ಸಿನಿಮಾ ತೆರೆಕಂಡ ವರ್ಷವಲ್ಲ.

ಪ್ರ: ಪ್ರತಿ ವರ್ಷ ವಿಮರ್ಶೆಗಳನ್ನೆಲ್ಲ ಓದಿ, ಸಿಕ್ಕಷ್ಟು ಸಿನಿಮಾ ನೋಡಿ ಪಟ್ಟಿ ಮಾಡುತ್ತೇನೆ. ಅರ್ಧವೂ ಸರಿಹೋಗುವುದಿಲ್ಲ. ತಪ್ಪು ಎಲ್ಲಿದೆ? (ಹುಬ್ಬಳ್ಳಿಯಿಂದ)

ಉ: ವಿಮರ್ಶಕರಿಗೆ ಆಸ್ಕರ್‌ನಲ್ಲಿ ಮತವಿಲ್ಲ. ತಪ್ಪು ಅಲ್ಲಿಂದಲೇ ಶುರು. ಮತ ಹಾಕುವವರು ಆಸ್ಕರ್ ಕೊಡುವ ಸಂಸ್ಥೆಯಾದ ಅಕಾಡೆಮಿಯ ಸುಮಾರು 10,000 ಸದಸ್ಯರು, ಎಲ್ಲರೂ ಸಿನಿಮಾ ಕಸುಬಿನವರೇ. ನಾಮನಿರ್ದೇಶನದ ಹಂತದಲ್ಲಿ ನಟರು ನಟರನ್ನು, ಸಂಕಲನಕಾರರು ಸಂಕಲನವನ್ನು, ನಿರ್ದೇಶಕರು ನಿರ್ದೇಶಕರನ್ನು ಆರಿಸುತ್ತಾರೆ. ಅತ್ಯುತ್ತಮ ಚಿತ್ರಕ್ಕೆ ಮಾತ್ರ ಎಲ್ಲರೂ ಸೇರಿ ಹೆಸರು ಸೂಚಿಸುತ್ತಾರೆ. ಅಂತಿಮ ಸುತ್ತಿನಲ್ಲಿ ಎಲ್ಲ ವಿಭಾಗಕ್ಕೂ ಎಲ್ಲರದ್ದೂ ಮತ.

ಮತ ಎಣಿಸುವ ರೀತಿಯೂ ಒಂದೇ ಅಲ್ಲ, ಮೂರು ಬಗೆ. ನಾಮನಿರ್ದೇಶನಕ್ಕೆ ಒಂದು, ಅತ್ಯುತ್ತಮ ಚಿತ್ರದ ಗೆಲುವಿಗೆ ಇನ್ನೊಂದು, ಉಳಿದ ವಿಭಾಗಗಳ ಗೆಲುವಿಗೆ ಮತ್ತೊಂದು. ಈ ಮೂರನ್ನು ಕಲಸಿಬಿಟ್ಟರೆ ಎಷ್ಟು ಸಿನಿಮಾ ನೋಡಿದ್ದರೂ ಪಟ್ಟಿ ಕೆಡುತ್ತದೆ.

ಪ್ರ: ನಿರ್ದೇಶಕರ ಪಟ್ಟಿಯಲ್ಲಿ ಪ್ರತಿ ವರ್ಷ ಯಾರೂ ಎಣಿಸದ ಹೆಸರೊಂದು ಬಂದು ಕೂರುತ್ತದಲ್ಲ, ಅದು ಹೇಗೆ? (ಮೈಸೂರಿನಿಂದ)

ಉ: ನಾಮನಿರ್ದೇಶನಕ್ಕೆ ಮತದಾರ ಐದು ಹೆಸರನ್ನು ಇಷ್ಟದ ಕ್ರಮದಲ್ಲಿ ಬರೆಯುತ್ತಾನೆ. ಬಂದ ಮತಪತ್ರಗಳ ಸಂಖ್ಯೆಯನ್ನು ಆರರಿಂದ ಭಾಗಿಸಿ ಒಂದು ಕೂಡಿಸಿದರೆ ಬರುವುದೇ ಪಾಸಾಗುವ ಅಂಕ. ಲೆಕ್ಕ ಸುಲಭವಾಗಲೆಂದು 540 ಮತಪತ್ರ ಬಂದಿವೆ ಎಂದುಕೊಳ್ಳಿ. 540ನ್ನು 6ರಿಂದ ಭಾಗಿಸಿದರೆ 90, ಒಂದು ಕೂಡಿಸಿದರೆ 91. ಐದು ಜಾಗಕ್ಕೆ ಆರರಿಂದ ಏಕೆ ಭಾಗಿಸುತ್ತಾರೆ ಅಂದರೆ, ಆರು ಜನಕ್ಕೆ ತಲಾ 91 ಸಿಗಬೇಕಾದರೆ 546 ಮತ ಬೇಕು, ಇರುವುದು 540. ಹಾಗಾಗಿ 91 ಮುಟ್ಟುವವರು ಐದಕ್ಕಿಂತ ಹೆಚ್ಚಾಗಲು ಸಾಧ್ಯವೇ ಇಲ್ಲ. ಯಾರೂ ಮುಟ್ಟದಿದ್ದರೆ, ಮೊದಲ ಸ್ಥಾನದ ಮತ ಅತಿ ಕಡಿಮೆ ಇರುವವರನ್ನು ತೆಗೆದು, ಅವರ ಮತಪತ್ರಗಳನ್ನು ಅದರಲ್ಲಿರುವ ಮುಂದಿನ ಹೆಸರಿಗೆ ಕೊಡುತ್ತಾ ಹೋಗುತ್ತಾರೆ.

ಇದರ ಪರಿಣಾಮ ಏನು? 450 ಜನ ನಾಲ್ಕನೆಯ ಸ್ಥಾನದಲ್ಲಿ ಬರೆದು, ಯಾರೂ ಮೊದಲಿಗೆ ಬರೆಯದವನು ಮೊದಲ ಎಣಿಕೆಯಲ್ಲೇ ಮನೆಗೆ ಹೋಗುತ್ತಾನೆ. ಆರರಲ್ಲಿ ಒಂದು ಪಾಲು ಜನರ ಮನಸ್ಸು ಗೆದ್ದವನು, ಉಳಿದವರು ಅವನ ಹೆಸರೇ ಕೇಳದಿದ್ದರೂ ಒಳಗೆ ಬರುತ್ತಾನೆ. ಅಕಾಡೆಮಿಯ ನಿರ್ದೇಶಕರ ವಿಭಾಗದಲ್ಲಿ ಹೊರದೇಶದವರು ಸಾಕಷ್ಟಿದ್ದಾರೆ. ಅಮೆರಿಕದ ನಿರ್ದೇಶಕರ ಸಂಘದ (ಡಿಜಿಎ) ಪಟ್ಟಿಯಲ್ಲಿ ಇರದೆ ಆಸ್ಕರ್ ಪಟ್ಟಿಗೆ ಬಂದವರನ್ನು ನೋಡಿ: 2021ರಲ್ಲಿ ಡೆನ್ಮಾರ್ಕಿನ ಥಾಮಸ್ ವಿಂಟರ್‌ಬರ್ಗ್, 2022ರಲ್ಲಿ ಜಪಾನಿನ ರ್ಯೂಸುಕೆ ಹಮಾಗುಚಿ, 2023ರಲ್ಲಿ ಸ್ವೀಡನ್ನಿನ ರೂಬೆನ್ ಓಸ್ಟ್‌ಲುಂಡ್, 2024ರಲ್ಲಿ ಫ್ರಾನ್ಸಿನ ಜಸ್ಟಿನ್ ಟ್ರಿಯೆ ಜೊತೆಗೆ ಬ್ರಿಟನ್ನಿನ ಜೊನಾಥನ್ ಗ್ಲೇಜರ್, 2025ರಲ್ಲಿ ಫ್ರಾನ್ಸಿನ ಕೊರಾಲಿ ಫಾರ್ಜಾ. ಒಬ್ಬರೂ ಅಮೆರಿಕದವರಲ್ಲ.

ಹೀಗೆ ಮಾಡಿ: ಡಿಜಿಎ ಐದರಲ್ಲಿ ನಾಲ್ಕನ್ನು ಹಾಗೇ ಇಟ್ಟುಕೊಳ್ಳಿ. ಹಾಲಿವುಡ್ಡಿನ ಸಾಂಪ್ರದಾಯಿಕ ಕೆಲಸಗಾರ ಅನ್ನಿಸುವ ಒಬ್ಬರನ್ನು ಬಿಡಿ. ಆ ಜಾಗಕ್ಕೆ ಕಾನ್ ಅಥವಾ ವೆನಿಸ್ ಉತ್ಸವದಲ್ಲಿ ಸದ್ದು ಮಾಡಿದ ಹೊರದೇಶದ ನಿರ್ದೇಶಕರನ್ನು ಹಾಕಿ. ಯಾರನ್ನು ಬಿಡಬೇಕು ಎನ್ನುವುದೇ ಕಷ್ಟದ ಭಾಗ, ಅದಕ್ಕೆ ಸೂತ್ರವಿಲ್ಲ.

ಪ್ರ: 12 ನಾಮನಿರ್ದೇಶನ ಇದ್ದ ಚಿತ್ರ ಸೋತು, ಮೂರೇ ಇದ್ದ ‘ಕೋಡಾ’ 2022ರಲ್ಲಿ ಅತ್ಯುತ್ತಮ ಚಿತ್ರವಾಯಿತು. ಇದೆಂಥ ನ್ಯಾಯ? (ಮಂಗಳೂರಿನಿಂದ)

ಉ: ನ್ಯಾಯದ ಮಾತು ಬೇರೆ, ಎಣಿಕೆಯ ಪ್ರಕಾರ ಅದು ಸರಿಯೇ. ಅತ್ಯುತ್ತಮ ಚಿತ್ರಕ್ಕೆ ಮಾತ್ರ 2010ರಿಂದ ಆದ್ಯತಾ ಮತದ ಪದ್ಧತಿ ಇದೆ. ಮತದಾರರು ಪಟ್ಟಿಯಲ್ಲಿರುವ ಚಿತ್ರಗಳಿಗೆ ಕ್ರಮಾಂಕ ಕೊಡುತ್ತಾರೆ (2022ರಿಂದ ಪಟ್ಟಿಯಲ್ಲಿ ಕಡ್ಡಾಯವಾಗಿ ಹತ್ತು ಚಿತ್ರ). ಗೆಲ್ಲಲು ಅರ್ಧಕ್ಕಿಂತ ಹೆಚ್ಚು ಮತ ಬೇಕು.

ನಾಲ್ಕೇ ಚಿತ್ರ, 100 ಮತಪತ್ರ ಇಟ್ಟುಕೊಂಡು ಕೈಯಲ್ಲೇ ಎಣಿಸೋಣ. ಮೊದಲ ಸ್ಥಾನದ ಮತಗಳು: ‘ಕ’ಗೆ 40, ‘ಖ’ಗೆ 28, ‘ಗ’ಗೆ 20, ‘ಘ’ಗೆ 12. ಯಾರಿಗೂ 51 ಇಲ್ಲ. ‘ಘ’ ಹೊರಗೆ. ಅದರ 12 ಮತಪತ್ರಗಳಲ್ಲಿ ಎರಡನೆಯ ಹೆಸರು ನೋಡುತ್ತಾರೆ: ‘ಕ’ಗೆ 1, ‘ಖ’ಗೆ 3, ‘ಗ’ಗೆ 8. ಈಗ 41, 31, 28. ಮುಂದೆ ‘ಗ’ ಹೊರಗೆ. ಅದರ 28ರಲ್ಲಿ ‘ಕ’ಗೆ ಸಿಕ್ಕಿದ್ದು 6, ‘ಖ’ಗೆ 22. ಕೊನೆಗೆ ‘ಕ’ 47, ‘ಖ’ 53. ಹನ್ನೆರಡು ಮತದಿಂದ ಮುಂದಿದ್ದ ‘ಕ’ ಸೋತಿತು, ಏಕೆಂದರೆ ಅದನ್ನು ಮೆಚ್ಚದವರು ಅದನ್ನು ಪಟ್ಟಿಯ ತಳಕ್ಕೆ ತಳ್ಳಿದ್ದರು.

ಹಾಗಾಗಿ ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಯಾವ ಚಿತ್ರ ಹೆಚ್ಚು ಜನರ ಪಟ್ಟಿಯಲ್ಲಿ ಎರಡನೆಯದೋ ಮೂರನೆಯದೋ ಆಗಿರುತ್ತದೆ? ನೋಡಿದವರಲ್ಲಿ ಕಾಲುಭಾಗ ಜನ ಮುಖ ಸಿಂಡರಿಸುವ ಸಿನಿಮಾ ಎಷ್ಟೇ ದೊಡ್ಡ ಕೃತಿಯಾದರೂ ಅಪಾಯದಲ್ಲಿದೆ. ನಾಮನಿರ್ದೇಶನಗಳ ಒಟ್ಟು ಸಂಖ್ಯೆಗೆ ಹೆಚ್ಚು ಬೆಲೆ ಕೊಡಬೇಡಿ. 2025ರಲ್ಲಿ ‘ಎಮಿಲಿಯಾ ಪೆರೆಜ್’ 13 ನಾಮನಿರ್ದೇಶನ ಪಡೆದು ಎರಡೇ ಪ್ರಶಸ್ತಿ ಗೆದ್ದಿತು.

ನಟನೆ, ಸಂಗೀತ ಇತ್ಯಾದಿ ಬೇರೆ ವಿಭಾಗಗಳ ಅಂತಿಮ ಸುತ್ತಿನಲ್ಲಿ ನಮ್ಮ ವಿಧಾನಸಭೆ ಚುನಾವಣೆಯ ಹಾಗೆಯೇ: ಯಾರಿಗೆ ಹೆಚ್ಚು ಮತವೋ ಅವರೇ ಗೆದ್ದರು. ಐದು ಜನರಲ್ಲಿ ಮತ ಹಂಚಿಹೋದರೆ ಕಾಲುಭಾಗ ಮತವೇ ಸಾಕಾಗಬಹುದು.

ಪ್ರ: ಆಸ್ಕರ್‌ಗೆ ಮುಂಚೆ ಹತ್ತಾರು ಪ್ರಶಸ್ತಿ ಬರುತ್ತವೆ. ಯಾವುದನ್ನು ನಂಬಬೇಕು? (ಬೆಂಗಳೂರು, ಜಯನಗರದಿಂದ)

ಉ: ಒಂದೇ ಮಾನದಂಡ: ಆ ಪ್ರಶಸ್ತಿಗೆ ಮತ ಹಾಕುವವರಲ್ಲಿ ಆಸ್ಕರ್ ಮತದಾರರು ಎಷ್ಟಿದ್ದಾರೆ? ಗೋಲ್ಡನ್ ಗ್ಲೋಬ್ ಪತ್ರಕರ್ತರದ್ದು, ಕ್ರಿಟಿಕ್ಸ್ ಚಾಯ್ಸ್ ವಿಮರ್ಶಕರದ್ದು. 2025ರಲ್ಲಿ ‘ಅನೋರಾ’ ಗ್ಲೋಬ್‌ನಿಂದ ಬರಿಗೈಲಿ ಬಂದು ಆಸ್ಕರ್ ಗೆದ್ದಿತು. ಗ್ಲೋಬ್ ರಾತ್ರಿ ನೋಡಿ ಪಟ್ಟಿ ಬದಲಾಯಿಸುವವರೇ ಹೆಚ್ಚು, ಕೆಡುವವರೂ ಅವರೇ.

ಅತ್ಯುತ್ತಮ ಚಿತ್ರಕ್ಕೆ ನಿರ್ಮಾಪಕರ ಸಂಘ (ಪಿಜಿಎ) ಎಲ್ಲಕ್ಕಿಂತ ಗಟ್ಟಿ, ಏಕೆಂದರೆ ಅಲ್ಲಿಯೂ ಇದೇ ಆದ್ಯತಾ ಮತ. 2010ರಿಂದ 2025ರವರೆಗಿನ 16 ವರ್ಷಗಳಲ್ಲಿ ತಪ್ಪಿದ್ದು 2016, 2017, 2020, ಮೂರೇ ಬಾರಿ. (2014ರಲ್ಲಿ ಪಿಜಿಎ ಎರಡು ಚಿತ್ರಗಳಿಗೆ ಹಂಚಿಹೋಯಿತು, ಅದರಲ್ಲಿ ಒಂದು ಆಸ್ಕರ್ ಗೆದ್ದಿತು.) ‘ಕೋಡಾ’ದ ಸುಳಿವು ಕೊಟ್ಟಿದ್ದೂ ಪಿಜಿಎ ಮತ್ತು ನಟರ ಸಂಘವೇ (ಸ್ಯಾಗ್). ನಿರ್ದೇಶಕರಿಗೆ ಡಿಜಿಎ: 1948ರ ಸುಮಾರಿಗೆ ಶುರುವಾದಾಗಿನಿಂದ 2025ರವರೆಗೆ ಆಸ್ಕರ್ ಜೊತೆ ಹೊಂದದೆ ಹೋಗಿದ್ದು ಎಂಟೇ ಸಲ.

ನಮ್ಮ ಕೋಷ್ಟಕದಲ್ಲಿ ಅತ್ಯುತ್ತಮ ಚಿತ್ರಕ್ಕೆ ಪಿಜಿಎ 4 ಅಂಕ, ಡಿಜಿಎ 3, ಸ್ಯಾಗ್ ತಾರಾಗಣ ಪ್ರಶಸ್ತಿ 2, ಬಾಫ್ಟಾ (ಬ್ರಿಟನ್ನಿನ ಸಿನಿಮಾ ಪ್ರಶಸ್ತಿ) 2, ಉಳಿದವು ಒಂದೊಂದು. ಇದು ನಮ್ಮ ಅಂದಾಜು, ವೇದವಾಕ್ಯವಲ್ಲ. 2020ರಲ್ಲಿ ಇದೇ ಕೋಷ್ಟಕ ಮಗುಚಿ ಬಿತ್ತು: ಪಿಜಿಎ, ಡಿಜಿಎ, ಬಾಫ್ಟಾ ಮೂರನ್ನೂ ಗೆದ್ದಿದ್ದ ‘1917’ ಸೋತು, ಸ್ಯಾಗ್ ತಾರಾಗಣ ಪ್ರಶಸ್ತಿ ಪಡೆದ ‘ಪ್ಯಾರಸೈಟ್’ ಗೆದ್ದಿತು. ಸೂಕ್ಷ್ಮವಾಗಿ ನೋಡಿದ್ದರೆ ಬಿರುಕು ಕಾಣುತ್ತಿತ್ತು. ‘1917’ಕ್ಕೆ ನಟನೆಯಲ್ಲಿ ಒಂದೂ ನಾಮನಿರ್ದೇಶನ ಇರಲಿಲ್ಲ, ಸಂಕಲನದಲ್ಲೂ ಇರಲಿಲ್ಲ. ಅಂದರೆ ಅಕಾಡೆಮಿಯ ಎರಡು ವಿಭಾಗಗಳು ಅದನ್ನು ಮೊದಲೇ ಬದಿಗಿಟ್ಟಿದ್ದವು. ಮುಂಚೂಣಿಯ ಚಿತ್ರಕ್ಕೆ ಎಲ್ಲೆಲ್ಲಿ ನಾಮನಿರ್ದೇಶನ *ಸಿಕ್ಕಿಲ್ಲ* ಎಂದು ಗುರುತು ಹಾಕಿಕೊಳ್ಳಿ. ಸಿಕ್ಕಿದ್ದಕ್ಕಿಂತ ಅದು ಹೆಚ್ಚು ಹೇಳುತ್ತದೆ.

ನಟನೆಯಲ್ಲಿ ಜಗಳ ಇರುವುದು ಸ್ಯಾಗ್ ಮತ್ತು ಬಾಫ್ಟಾ ನಡುವೆ. ಎರಡೂ ಒಬ್ಬರಿಗೇ ಬಂದರೆ ಕಣ್ಣುಮುಚ್ಚಿ ಬರೆದುಕೊಳ್ಳಿ. ಬೇರೆ ಬೇರೆಯಾದರೆ? 2019ರಲ್ಲಿ ಒಲಿವಿಯಾ ಕೋಲ್ಮನ್, 2021ರಲ್ಲಿ ಆಂಥನಿ ಹಾಪ್ಕಿನ್ಸ್, 2024ರಲ್ಲಿ ಎಮ್ಮಾ ಸ್ಟೋನ್, 2025ರಲ್ಲಿ ಮೈಕಿ ಮ್ಯಾಡಿಸನ್, ಇವರೆಲ್ಲ ಸ್ಯಾಗ್ ಕಳೆದುಕೊಂಡು, ಬಾಫ್ಟಾ ಗೆದ್ದು, ಆಸ್ಕರ್ ಪಡೆದವರು. ‘ಹಾಗಾದರೆ ಬಾಫ್ಟಾನೇ ಸರಿ’ ಎನ್ನುವ ಮೊದಲು 2023 ನೋಡಿ: ನಾಲ್ಕೂ ನಟನಾ ವಿಭಾಗಗಳಲ್ಲಿ ಬಾಫ್ಟಾ ಸೋತು ಸ್ಯಾಗ್ ಗೆದ್ದಿತು. ಆ ವರ್ಷ ಸ್ಯಾಗ್ ಗೆದ್ದ ನಾಲ್ವರಲ್ಲಿ ಮೂವರು ಅತ್ಯುತ್ತಮ ಚಿತ್ರ ಗೆದ್ದ ಸಿನಿಮಾದವರು. ಸ್ಪರ್ಧೆ ಸಮಸಮವಿದ್ದಾಗ ಚಿತ್ರದ ಬಲ ಯಾರ ಬೆನ್ನಿಗಿದೆ ಎಂದು ನೋಡುವುದು ಮೇಲು. 2021ರಲ್ಲೂ 2025ರಲ್ಲೂ ಗೆದ್ದವರು ಅತ್ಯುತ್ತಮ ಚಿತ್ರದ ಪಟ್ಟಿಯಲ್ಲಿದ್ದ ಸಿನಿಮಾದಲ್ಲೇ ನಟಿಸಿದ್ದರು.

ಪ್ರ: 2023ರ ಜನವರಿಯಲ್ಲಿ ‘ಕಾಂತಾರ’ ಆಸ್ಕರ್ ಪಟ್ಟಿಯಲ್ಲಿದೆ ಎಂದು ಸುದ್ದಿಯಾಗಿತ್ತು. ಆಮೇಲೆ ಹೆಸರೇ ಇಲ್ಲ. ಏನಾಯಿತು? (ಕುಂದಾಪುರದಿಂದ)

ಉ: ಅದು ಹಾಲ್ ಟಿಕೆಟ್, ರ‍್ಯಾಂಕ್ ಪಟ್ಟಿಯಲ್ಲ. ಮತ ಹಾಕಲು ಅರ್ಹವಾದ ಚಿತ್ರಗಳ ಪಟ್ಟಿಯನ್ನು ಅಕಾಡೆಮಿ ಪ್ರತಿ ವರ್ಷ ಪ್ರಕಟಿಸುತ್ತದೆ. ಆ ವರ್ಷ ಅದರಲ್ಲಿ 301 ಚಿತ್ರಗಳಿದ್ದವು, ‘ಕಾಂತಾರ’ ಮತ್ತು ‘ವಿಕ್ರಾಂತ್ ರೋಣ’ ಎರಡೂ ಇದ್ದವು. ಸೇರಲು ಬೇಕಾದದ್ದು ಇಷ್ಟು: ಚಿತ್ರ 40 ನಿಮಿಷಕ್ಕಿಂತ ದೊಡ್ಡದಿರಬೇಕು. ಲಾಸ್ ಏಂಜಲೀಸ್, ನ್ಯೂಯಾರ್ಕ್, ಶಿಕಾಗೊ, ಅಟ್ಲಾಂಟಾ ಸೇರಿದಂತೆ ಗೊತ್ತುಮಾಡಿದ ಆರು ಕಡೆಗಳಲ್ಲಿ ಒಂದರಲ್ಲಾದರೂ ಸತತ ಏಳು ದಿನ, ದಿನಕ್ಕೆ ಮೂರು ಆಟ, ಅದರಲ್ಲಿ ಒಂದು ಸಂಜೆ 6ರಿಂದ 10ರೊಳಗೆ, ಟಿಕೆಟ್ ಮಾರಿ ಓಡಿರಬೇಕು. ಜೊತೆಗೆ ಅರ್ಜಿ ಸಲ್ಲಿಸಬೇಕು. ಈಗ ಅತ್ಯುತ್ತಮ ಚಿತ್ರಕ್ಕೆ ಇದರ ಮೇಲೆ ಇನ್ನಷ್ಟು ಷರತ್ತುಗಳಿವೆ. ಅದಕ್ಕೇ 2025ರಲ್ಲಿ ಸಾಮಾನ್ಯ ಅರ್ಹತೆಯ 323 ಚಿತ್ರಗಳಲ್ಲಿ ಆ ವಿಭಾಗಕ್ಕೆ ಅರ್ಹವಾದವು 207 ಮಾತ್ರ.

ಸುದ್ದಿ ಓದುವಾಗ ಮೂರು ಮಾತು ಬೇರೆ ಮಾಡಿಕೊಳ್ಳಿ. ‘ಅರ್ಹ’ ಅಂದರೆ ಬಾಗಿಲ ಹೊರಗೆ ಸಾಲಿನಲ್ಲಿ ನಿಂತಿದೆ. ‘ಶಾರ್ಟ್‌ಲಿಸ್ಟ್’ ಅಂದರೆ ಡಿಸೆಂಬರ್ ಸುಮಾರಿಗೆ ಕೆಲವು ವಿಭಾಗಗಳಲ್ಲಿ ಮಾತ್ರ ಆಗುವ ಮೊದಲ ಸೋಸುವಿಕೆ. ‘ನಾಮನಿರ್ದೇಶನ’ ಅಂದರೆ ಕೊನೆಯ ಐದು (ಅತ್ಯುತ್ತಮ ಚಿತ್ರಕ್ಕೆ ಹತ್ತು). ‘ನಾಟು ನಾಟು’ ಮೂರನ್ನೂ ದಾಟಿ ಗೆದ್ದಿತು. ಚಿದಾನಂದ ಎಸ್. ನಾಯ್ಕ್ ಅವರ ಕನ್ನಡ ಕಿರುಚಿತ್ರ 2024ರಲ್ಲಿ ಕಾನ್ ಉತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಗೆದ್ದು ಅರ್ಹತೆ ಪಡೆಯಿತು, ಶಾರ್ಟ್‌ಲಿಸ್ಟಿಗೆ ಬರಲಿಲ್ಲ.

ಪ್ರ: ಅಂತರರಾಷ್ಟ್ರೀಯ ಚಿತ್ರ ವಿಭಾಗಕ್ಕೆ ಸುಲಭದ ಸೂತ್ರ ಇದೆಯೇ? (ಶಿವಮೊಗ್ಗದಿಂದ)

ಉ: ಇದೆ, ಇಡೀ ಆಸ್ಕರ್‌ನಲ್ಲೇ ಇಷ್ಟು ನಿಷ್ಠೆಯ ಸೂತ್ರ ಇನ್ನೊಂದಿಲ್ಲ. ಒಂದೇ ವರ್ಷ ಇಲ್ಲಿಯೂ ಅತ್ಯುತ್ತಮ ಚಿತ್ರದ ಪಟ್ಟಿಯಲ್ಲಿಯೂ ಇರುವ ಸಿನಿಮಾವನ್ನು ಬರೆಯಿರಿ. 2019, 2020, 2022, 2023, 2024ರಲ್ಲಿ ಹಾಗೆಯೇ ಆಯಿತು. 2025ರಲ್ಲಿ ಅಂಥವು ಎರಡಿದ್ದವು, ಅವೆರಡರಲ್ಲಿ ಬ್ರೆಜಿಲ್ಲಿನದು ಗೆದ್ದಿತು.

ಪ್ರ: ನಾಯಕಿಯೋ ಪೋಷಕ ನಟಿಯೋ ಎಂದು ನಿರ್ಧರಿಸುವವರು ಯಾರು? (ದಾವಣಗೆರೆಯಿಂದ)

ಉ: ಸ್ಟುಡಿಯೊ ಪ್ರಚಾರ ಮಾಡುತ್ತದೆ, ನಿರ್ಧರಿಸುವುದು ಮತದಾರ. 2009ರಲ್ಲಿ ಕೇಟ್ ವಿನ್ಸ್ಲೆಟ್ ಅವರನ್ನು ಪೋಷಕ ನಟಿ ಎಂದೇ ಪ್ರಚಾರ ಮಾಡಲಾಗಿತ್ತು, ಗ್ಲೋಬ್ ಮತ್ತು ಸ್ಯಾಗ್ ಹಾಗೆಯೇ ಕೊಟ್ಟವು. ಆಸ್ಕರ್ ಮತದಾರರು ನಾಯಕಿ ವಿಭಾಗಕ್ಕೆ ಹಾಕಿದರು, ಅವರು ಗೆದ್ದರು.

ಪ್ರ: ನಾವು ನ್ಯೂಜೆರ್ಸಿಯ ಕನ್ನಡಿಗ ಗೆಳೆಯರು ಪ್ರತಿ ವರ್ಷ ಊಹೆಯ ಪಂದ್ಯ ಆಡುತ್ತೇವೆ. ಗೆಲ್ಲಲು ಏನು ಮಾಡಬೇಕು? ಅಂಕ ಕೊಡಲು ಒಳ್ಳೆಯ ವಿಧಾನ ಯಾವುದು?

ಉ: ಐದಾರು ಜನರ ಗುಂಪಾದರೆ ಎಲ್ಲ ವಿಭಾಗದಲ್ಲೂ ಮುಂಚೂಣಿಯಲ್ಲಿರುವವರನ್ನೇ ಬರೆಯಿರಿ. ಉಳಿದವರು ಮನಸ್ಸಿಗೆ ಬಂದವರನ್ನು ಬರೆದು ತಾವೇ ಜಾರುತ್ತಾರೆ. ಮೂವತ್ತು ಜನರಾದರೆ ಇದು ನಡೆಯದು, ಮುಂಚೂಣಿಯ ಪಟ್ಟಿಯನ್ನೇ ಬರೆದವರು ಇನ್ನೂ ನಾಲ್ಕು ಜನ ಇರುತ್ತಾರೆ. ಆಗ ಒಂದೆರಡು ವಿಭಾಗದಲ್ಲಿ ಎರಡನೆಯ ಸ್ಥಾನದವರಿಗೆ ಬಾಜಿ ಕಟ್ಟಿ, ಸ್ಯಾಗ್ ಮತ್ತು ಬಾಫ್ಟಾ ಒಡೆದುಹೋದ ಕಡೆ. ಪಂದ್ಯ ನಿಜವಾಗಿ ತೀರ್ಮಾನವಾಗುವುದು ಮೂರು ಕಿರುಚಿತ್ರ ವಿಭಾಗಗಳಲ್ಲಿ, ಏಕೆಂದರೆ ಅವುಗಳಿಗೆ ಮುಂಚಿನ ಪ್ರಶಸ್ತಿಗಳ ಸುಳಿವು ಕಡಿಮೆ. ಹದಿನೈದೂ ಚಿತ್ರ ನೋಡಿಬಿಡಿ. ನಿಮ್ಮ ಕಡೆ ಅವು ಚಿತ್ರಮಂದಿರದಲ್ಲೇ ಒಟ್ಟಿಗೆ ಸಿಗುತ್ತವೆ.

ಅಂಕಕ್ಕೆ, ಹೆಸರಿನ ಜೊತೆ ಶೇಕಡಾವಾರು ಭರವಸೆಯನ್ನೂ ಬರೆಸಿ. ಶೇ 70 ಎಂದವನ ಹೆಸರು ಗೆದ್ದರೆ ದಂಡ 0.3ರ ವರ್ಗ, ಅಂದರೆ 0.09. ಸೋತರೆ 0.7ರ ವರ್ಗ, 0.49. ಶೇ 95 ಎಂದು ಎದೆತಟ್ಟಿ ಸೋತವನಿಗೆ 0.90 ದಂಡ, ಶೇ 50 ಎಂದವನಿಗೆ ಗೆದ್ದರೂ ಸೋತರೂ 0.25. ದಂಡ ಕಡಿಮೆ ಇದ್ದವನೇ ವಿಜೇತ. ಚೀಟಿಗಳನ್ನು ಸಮಾರಂಭ ಶುರುವಾಗುವ ಮುಂಚೆ ಸಂಗ್ರಹಿಸಿ, ಆಮೇಲೆ ತಿದ್ದಲು ಬಿಡಬೇಡಿ. ಬಾಫ್ಟಾಕ್ಕೆ ಮುಂಚೆ ಒಂದು ಚೀಟಿ, ಕೊನೆಗೆ ಇನ್ನೊಂದು ಬರೆಸಿದರೆ, ಬದಲಾಯಿಸಿ ಲಾಭವಾಯಿತೋ ನಷ್ಟವೋ ಎನ್ನುವುದೂ ಗೊತ್ತಾಗುತ್ತದೆ.