ಹೋಟೆಲ್ ಮ್ಯಾನೇಜ್‌ಮೆಂಟ್ ಮೊದಲ ವರ್ಷ. ಗ್ರೂಪ್‌ನ ಗೆಳತಿ ಮಾತು ಬಿಟ್ಟಿದ್ದಾಳೆ. ಗ್ರೂಪ್ ಬದಲಾಯಿಸಿಕೊಳ್ಳಲಾ?

ಬೇಡ. ಸ್ವಲ್ಪ ದಿನ ತಡೆಯಿರಿ.

ನೀವು ಬರೆದಿರುವುದು ಇಷ್ಟು. ಪ್ರಾಕ್ಟಿಕಲ್‌ನಲ್ಲಿ ನೀವು ಕ್ರೀಮ್ ತರಲು ಸ್ಟೋರ್‌ಗೆ ಹೋದಾಗ ಗ್ರೇವಿ ತಳ ಹಿಡಿಯಿತು. ಯಾರು ನೋಡ್ಕೋತಿದ್ದದ್ದು ಅಂತ ಶೆಫ್ ಕೇಳಿದ್ದಕ್ಕೆ ಗೆಳತಿ ನಿಮ್ಮ ಕಡೆ ಕೈ ತೋರಿಸಿದಳು. ನೀವು ಎಲ್ಲರ ಮುಂದೆ ರೇಗಿದಿರಿ. ಮೂರು ವಾರದಿಂದ ಮಾತಿಲ್ಲ. ಒಂದು ವಿಷಯ ಮಾತ್ರ ನೀವು ಬರೆದಿಲ್ಲ: ಸ್ಟೋರ್‌ಗೆ ಹೋಗುವಾಗ 'ಇದನ್ನ ಸ್ವಲ್ಪ ನೋಡ್ಕೋ' ಅಂತ ಅವಳಿಗೆ ಹೇಳಿ ಹೋಗಿದ್ರಾ? ಹೇಳಿರಲಿಲ್ಲ ಅಂದರೆ ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ ಅಲ್ವಾ?

ನಾನು ಬೆಂಗಳೂರಿನಲ್ಲಿ ಇದೇ ಕೋರ್ಸ್ ಮಾಡಿದವನು, ಈಗ ಒಂದು ಹೋಟೆಲ್ ಕಿಚನ್‌ನಲ್ಲಿದ್ದೇನೆ. ನಮ್ಮದು ಐದು ಜನರ ಗ್ರೂಪ್. ಅದರಲ್ಲಿ ಹಾಸನದವನೊಬ್ಬ ನನ್ನ ರೂಮ್‌ಮೇಟ್ ಕೂಡ. ಗ್ರೂಮಿಂಗ್ ಚೆಕ್ ಇರುವ ದಿನ ಒಬ್ಬರ ಸ್ಕಾರ್ಫ್ ಇನ್ನೊಬ್ಬರು ಕಟ್ಟಿಕೊಂಡು ಓಡುವುದು, ರಾತ್ರಿ ಒಂದು ಗಂಟೆವರೆಗೂ ಕೂತು ಒಬ್ಬನ ಜರ್ನಲ್ ನೋಡಿ ಇನ್ನೊಬ್ಬ ಬರೆಯುವುದು, ಅಷ್ಟು ಹತ್ತಿರ. ಅವನು ಮದುವೆ ಸೀಸನ್‌ನಲ್ಲಿ ಪ್ಯಾಲೇಸ್ ಗ್ರೌಂಡ್ಸ್‌ಗೆ ಔಟ್‌ಡೋರ್ ಕೇಟರಿಂಗ್ ಕೆಲಸಕ್ಕೆ ಹೋಗಿ, ನಡುರಾತ್ರಿವರೆಗೂ ಟ್ರೇ ಹೊತ್ತು, ಆ ದುಡ್ಡಿನಲ್ಲಿ ಒಂದು ಒಳ್ಳೆಯ ಶೆಫ್ಸ್ ನೈಫ್ ತಗೊಂಡ. ಕಾಲೇಜು ಕಿಟ್‌ನ ಚಾಕು ಹೇಗಿರುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ, ಟೊಮೇಟೊ ಕೂಡ ಜಜ್ಜಿ ಹೋಗುತ್ತೆ.

ನಾನು ಒಂದು ದಿನ ಆ ಚಾಕು ತಗೊಂಡು ಸರಿಯಾಗಿ ಕರಗದ ಫ್ರೋಜನ್ ಚಿಕನ್ ಮೇಲೆ ಬಿಟ್ಟೆ. ಮೂಳೆಗೆ ತಗುಲಿ ಬಾಯಿ ಮುಕ್ಕಾಯಿತು. ಅಕ್ಕಿ ಕಾಳಿನಷ್ಟು. ಒರೆಸಿ ಅವನ ಕಿಟ್‌ನಲ್ಲಿ ಸುಮ್ನೆ ಇಟ್ಟುಬಿಟ್ಟೆ. ಮಾರನೇ ವಾರ ಅವನು ಕ್ಯಾರೆಟ್ ಬ್ರುನ್ವಾ ಹಾಕುತ್ತಿದ್ದ, ಅಂದರೆ 3 ಮಿ.ಮೀ. ಚೌಕದ ಸಣ್ಣ ತುಂಡು, ಅದರಲ್ಲಿ ಅವನು ನಮ್ಮ ಬ್ಯಾಚಿಗೇ ಮೊದಲು. ಒಂದೊಂದು ತುಂಡೂ ಪೂರ್ತಿ ಕತ್ತರಿಸದೆ ದಾರದಂತೆ ಒಂದಕ್ಕೊಂದು ಅಂಟಿಕೊಂಡು ಬರುತ್ತಿತ್ತು. ಚಾಕು ಎತ್ತಿ ಬೆಳಕಿಗೆ ಹಿಡಿದ. ಆಮೇಲೆ ನನ್ನನ್ನು ನೋಡಿದ. ಏನೂ ಹೇಳಲಿಲ್ಲ.

ಅಲ್ಲಿಂದ ಒಂದೂವರೆ ತಿಂಗಳು ಅವನು ನನ್ನ ಜೊತೆ ಆಡಿದ್ದು ಎರಡೇ ಮಾತು, 'ಬಿಹೈಂಡ್' ಮತ್ತು 'ಹಾಟ್'. ಅದೊಂದನ್ನು ಬಿಡುವ ಹಾಗಿಲ್ಲವಲ್ಲ. ಕುದಿಯುವ ಪಾತ್ರೆ ಹಿಡಿದು ಹಿಂದೆ ಬರುವಾಗ ಹೇಳದಿದ್ದರೆ ಇಬ್ಬರೂ ಸುಟ್ಟುಕೊಳ್ಳುತ್ತೀವಿ. ರೂಮಿನಲ್ಲಿ ಮಾತ್ರ ಅಷ್ಟೂ ಇಲ್ಲ. ಲೈಟ್ ಆಫ್ ಮಾಡಲಾ ಅಂತಲೂ ಕೇಳುತ್ತಿರಲಿಲ್ಲ.

ನಾನೂ ನಿಮ್ಮ ಹಾಗೆ ಗ್ರೂಪ್ ಬದಲಾಯಿಸಿ ಅಂತ ಕೇಳಿದೆ. ಶೆಫ್ ಒಂದೇ ಪ್ರಶ್ನೆ ಕೇಳಿದರು, 'ಹೋಟೆಲಲ್ಲಿ ನಿನ್ನ ಪಕ್ಕದ ಕಮಿಯನ್ನ ನೀನೇ ಆರಿಸ್ಕೋತೀಯಾ?' ಕಮಿ ಅಂದರೆ ಕಿಚನ್‌ನ ಕಿರಿಯ ಅಡುಗೆಯವನು. ವೈವಾಗೆ ನೀವೂ ಎಸ್ಕಾಫಿಯೆ ಹೆಸರು ಬಾಯಿಪಾಠ ಮಾಡಿರುತ್ತೀರಿ. 1870ರ ಯುದ್ಧದಲ್ಲಿ ಫ್ರೆಂಚ್ ಸೈನ್ಯಕ್ಕೆ ಅಡುಗೆ ಮಾಡಿದ ಮನುಷ್ಯ, ಆಮೇಲೆ ಲಂಡನ್ನಿನ ಸವಾಯ್ ಹೋಟೆಲಿನ ಕಿಚನ್ನನ್ನೇ ದಂಡಿನ ಥರ ವಿಭಾಗ ಮಾಡಿದ. ಇವತ್ತಿಗೂ ನಾವು ಅದೇ ಸಾಲಿನಲ್ಲಿ ನಿಂತಿರುವುದು. ಪಕ್ಕದವನು ಇಷ್ಟವೋ ಇಲ್ಲವೋ, ಪ್ಲೇಟ್ ಹೋಗಬೇಕು.

ಮಾತು ಮತ್ತೆ ಶುರುವಾಗಿದ್ದು ಹಾಲಂಡೇಸ್‌ನಿಂದ, ಮೊಟ್ಟೆ ಹಳದಿಗೆ ಬೆಣ್ಣೆ ಸೇರಿಸಿ ಮಾಡುವ ಸಾಸ್. ಇಂಟರ್ನಲ್ಸ್ ದಿನ ಗಡಿಬಿಡಿಯಲ್ಲಿ ಬೆಣ್ಣೆ ಒಟ್ಟಿಗೆ ಸುರಿದೆ, ಸಾಸ್ ಒಡೆಯಿತು. ಎಣ್ಣೆ ಬೇರೆ, ಮೊಟ್ಟೆ ಬೇರೆ. ಕೈ ನಡುಗುತ್ತಿತ್ತು. ಅವನು ತನ್ನ ಕೆಲಸ ಬಿಟ್ಟು ಬಂದು ಬೇರೆ ಬಟ್ಟಲಿಗೆ ಒಂದು ಮೊಟ್ಟೆಯ ಹಳದಿ ಹಾಕಿ, ಒಂದು ಚಮಚ ಬೆಚ್ಚಗಿನ ನೀರು ಬಿಟ್ಟು ನನ್ನ ಮುಂದೆ ತಳ್ಳಿದ. 'ಇದಕ್ಕೆ ಅದನ್ನ ಸ್ವಲ್ಪ ಸ್ವಲ್ಪ ಹಾಕು, ಕೋಣ.' ಕೋಣ ಅಂದಾಗ ಎಷ್ಟು ಸಮಾಧಾನ ಆಯಿತು ಅಂದರೆ! ಆ ಭಾನುವಾರ ಚಾಕು ಶಿವಾಜಿನಗರಕ್ಕೆ ತಗೊಂಡು ಹೋಗಿ ಸಾಣೆ ಹಿಡಿಸಿ ತಂದೆ, ತಪ್ಪಾಯ್ತು ಅಂತಲೂ ಹೇಳಿದೆ. ಅವನು ಸಿಟ್ಟಾಗಿದ್ದು ಮುಕ್ಕಾಗಿದ್ದಕ್ಕಲ್ಲವಂತೆ, ಹೇಳದೆ ಇಟ್ಟಿದ್ದಕ್ಕೆ.

ಅದಕ್ಕೇ ಹೇಳುವುದು, ಒಲೆ ಮುಂದೆ ಬೈದದ್ದನ್ನು, ಕೈ ತೋರಿಸಿದ್ದನ್ನು ಲೆಕ್ಕಕ್ಕೆ ಇಡಬೇಡಿ. ಆ ಬಿಸಿಯಲ್ಲಿ ಯಾರ ಬಾಯಿಂದ ಏನು ಬೇಕಾದರೂ ಬರುತ್ತೆ. ಅವಳು ಆಮೇಲೆ ಹಾಸ್ಟೆಲಲ್ಲೂ ನಿಮ್ಮ ಬಗ್ಗೆ ಆಡಿಕೊಂಡಿದ್ದರೆ ಅದು ಬೇರೆ ಮಾತು. ಇಲ್ಲವಾದರೆ ಮುಂದಿನ ಪ್ರಾಕ್ಟಿಕಲ್‌ಗೆ ಇಂಡೆಂಟ್, ಅಂದರೆ ಸ್ಟೋರ್‌ನ ಸಾಮಾನು, ನೀವೇ ತನ್ನಿ, ಕೊನೆಯಲ್ಲಿ ಅವಳ ಪಾಲಿನ ಮುಸುರೆಗೂ ಕೈ ಹಾಕಿ. 'ಅವತ್ತು ಹೇಳಿ ಹೋಗಬೇಕಿತ್ತು' ಅಂತ ಒಂದು ಮಾತು ಸಾಕು.

ಇನ್ನು, ಇದೆಲ್ಲ ಆದಮೇಲೂ ಪ್ಲೇಸ್‌ಮೆಂಟ್ ಅಂತ ಒಂದು ಬರುತ್ತೆ. ಕಿಚನ್ ಟ್ರೈನಿ ಕೆಲಸಕ್ಕೆ ಇಬ್ಬರೂ ಕೊನೇ ಸುತ್ತಿನವರೆಗೆ ಹೋದೆವು. ನನಗೆ ಸಿಕ್ಕಿತು, ಅವನಿಗೆ ಸಿಗಲಿಲ್ಲ. ನನಗಿಂತ ಅವನ ಕೈ ಚೆನ್ನಾಗಿತ್ತು, ಇದು ಇಬ್ಬರಿಗೂ ಗೊತ್ತು. ಜಗಳ ಏನೂ ಆಗಲಿಲ್ಲ, ಅವತ್ತು ರಾತ್ರಿ ಪಾರ್ಟಿ ಕೂಡ ಅವನೇ ಕೊಡಿಸಿದ. ಈಗ ಹಾಸನದಲ್ಲಿ ಅವನದೇ ಸಣ್ಣ ಹೋಟೆಲಿದೆ, ಬೆಳಗ್ಗೆ ತಟ್ಟೆ ಇಡ್ಲಿಗೆ ಜನ ನಿಂತಿರುತ್ತಾರೆ. ಪುತ್ತೂರಿಗೆ ಹೋಗುವಾಗೆಲ್ಲ ಇಳಿಯುತ್ತೇನೆ. ಕಾಫಿಗೆ ದುಡ್ಡು ತಗೊಳ್ಳಲ್ಲ. ಊರಿನ ವಿಷಯ, ಮಳೆ ವಿಷಯ ಎಲ್ಲ ಮಾತಾಡುತ್ತಾನೆ. ನನ್ನ ಕೆಲಸ ಹೇಗಿದೆ ಅಂತ ಮಾತ್ರ ಇವತ್ತಿನವರೆಗೂ ಕೇಳಿಲ್ಲ.