ಗ್ರಿಲ್ ಇಲ್ಲದೆ ಮನೆಯೊಳಗೇ ಪೋರ್ಕ್ ರಿಬ್ಸ್ ಮಾಡಬಹುದಾ?

ಕಾರವಾರದಲ್ಲಿ ಬಾಡಿಗೆ ಫ್ಲಾಟು, ಹೊರಗೆ ಬಿಡದ ಮಳೆ, ಇರುವುದು ಕುಕ್ಕರ್ ಮತ್ತು ಕಬ್ಬಿಣದ ಕಾವಲಿ ಮಾತ್ರ, ಇಷ್ಟರಲ್ಲಿ ರಿಬ್ಸ್ ಆಗುತ್ತದಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತದೆ. ನಾನು ಕೋಡಿಬಾಗದಲ್ಲಿ ಮೂರನೇ ಮಹಡಿಯಲ್ಲಿ ಇರುವವಳು. ಮಳೆಗಾಲದ ಭಾನುವಾರ ನಮ್ಮ ಮನೆಯಲ್ಲಿ ಇದೇ ಅಡುಗೆ.

ಮೊದಲ ಸಲ ನಾನು ಹಸಿ ರಿಬ್ಸನ್ನೇ ಕಾವಲಿಗೆ ಹಾಕಿದ್ದೆ. ಮೇಲೆ ಕಪ್ಪಾಯಿತು, ಒಳಗೆ ರಬ್ಬರಿನ ಹಾಗೆ ಉಳಿಯಿತು. ಪಕ್ಕೆಲುಬಿನ ಮಾಂಸದಲ್ಲಿ ನಾರು, ಪೊರೆ ಜಾಸ್ತಿ. ಅದು ಕರಗಿ ಮೆತ್ತಗಾಗಲು ತೇವ ಇರುವ ಬಿಸಿ ಬೇಕು, ಸಮಯ ಬೇಕು. ಬಣ್ಣ ಬರಲು ಒಣ, ಜೋರು ಬಿಸಿ ಬೇಕು. ಗ್ರಿಲ್ ಈ ಎರಡನ್ನೂ ಒಟ್ಟಿಗೆ ಮಾಡುತ್ತದೆ. ನಾವು ಬೇರೆ ಬೇರೆ ಮಾಡೋಣ: ಬೇಯಿಸಲು ಕುಕ್ಕರ್, ಕೆಂಪಗೆ ಮಾಡಲು ಕಾವಲಿ.

ಇನ್ನು ಹೊಗೆಯ ರುಚಿ. ಅದಕ್ಕೆ ನನ್ನ ಉತ್ತರ ಉಪ್ಪಾಗೆ. ಶಿರಸಿ, ಸಿದ್ದಾಪುರದ ಕಡೆ ಈ ಹಣ್ಣು ಕೊಯ್ಲಿಗೆ ಬರುವುದೇ ಮಳೆಗಾಲದಲ್ಲಿ. ಬಿಸಿಲು ಇರುವುದಿಲ್ಲ ಅಲ್ವಾ, ಹಾಗಾಗಿ ಸಿಪ್ಪೆಯನ್ನು ಕಟ್ಟಿಗೆಯ ಬೆಂಕಿಯ ಮೇಲೆ ಒಣಗಿಸುತ್ತಾರೆ. ಹಾಗೆ ಒಣಗಿದ ಕಪ್ಪು ಸಿಪ್ಪೆಯಲ್ಲಿ ಹುಳಿಯ ಜೊತೆ ಹೊಗೆಯ ವಾಸನೆಯೂ ಕೂತಿರುತ್ತದೆ. ಕೊಡಗಿನವರು ಪಂದಿ ಕರಿಗೆ, ಅಂದರೆ ಹಂದಿ ಮಾಂಸದ ಸಾರಿಗೆ, ಹಾಕುವ ಕಾಚಂಪುಳಿ ಎಂಬ ಕಪ್ಪು ಹುಳಿಯೂ ಇದೇ ಜಾತಿಯ ಹಣ್ಣಿನ ರಸದ್ದು. ಹಂದಿಯ ಕೊಬ್ಬಿಗೆ ಈ ಹುಳಿ ಎಷ್ಟು ಒಪ್ಪುತ್ತದೆ ಎನ್ನುವುದು ಒಮ್ಮೆ ತಿಂದರೆ ಗೊತ್ತಾಗುತ್ತದೆ. ಇಲ್ಲಿಂದ ಹತ್ತಿರದ ಗೋವಾದಲ್ಲಿ ತೆಂಗಿನ ಕಳ್ಳಿನ ವಿನೆಗರ್ ಹಾಕುತ್ತಾರೆ, ಅದೂ ಚೆನ್ನ. ಆದರೆ ಗ್ರಿಲ್ ಇಲ್ಲದವರಿಗೆ ಉಪ್ಪಾಗೆಯೇ ಸರಿ. ಮುರುಗಲು (ಕೋಕಂ) ಸಿಪ್ಪೆ ಹಾಕಿದರೆ ಹುಳಿ ಬರುತ್ತದೆ, ಹೊಗೆ ಬರುವುದಿಲ್ಲ.

1 ಕಿಲೋ ರಿಬ್ಸ್ ತಂದು, ಎರಡೆರಡು ಎಲುಬಿನ ತುಂಡು ಮಾಡಿಸಿ. ಒಳಬದಿಗೆ ತೆಳ್ಳಗಿನ ಬಿಳಿ ಪೊರೆ ಇರುತ್ತದೆ. ಅದನ್ನು ಬಟ್ಟೆಯಲ್ಲಿ ಹಿಡಿದು ಎಳೆದು ತೆಗೆಯಿರಿ, ಇಲ್ಲದಿದ್ದರೆ ಮಸಾಲೆ ಒಳಗೆ ಹೋಗುವುದಿಲ್ಲ. 10 ಬ್ಯಾಡಗಿ ಮೆಣಸಿನಕಾಯಿ, 12 ಎಸಳು ಬೆಳ್ಳುಳ್ಳಿ, ಒಂದಿಂಚು ಶುಂಠಿ, ಒಂದು ಚಮಚ ಕಾಳುಮೆಣಸು, ಒಂದು ಚಮಚ ಜೀರಿಗೆ, ನಾಲ್ಕು ಲವಂಗ. ಅರ್ಧ ಲೋಟ ಬಿಸಿನೀರಲ್ಲಿ ನೆನೆಸಿದ ಮೂರು ಉಪ್ಪಾಗೆ ಸಿಪ್ಪೆಯನ್ನು ಆ ನೀರಿನ ಸಮೇತ ಸೇರಿಸಿ ರುಬ್ಬಿ. ಎರಡೂವರೆ ಚಹಾ ಚಮಚ ಉಪ್ಪು ಹಾಕಿ ಮಾಂಸಕ್ಕೆ ಸವರಿ, ರಾತ್ರಿ ಫ್ರಿಜ್‌ನಲ್ಲಿಡಿ.

ಮರುದಿನ ಅರ್ಧ ಲೋಟ ನೀರು ಹಾಕಿ ಕುಕ್ಕರ್‌ನಲ್ಲಿಡಿ. ಜಾಸ್ತಿ ಬೇಡ, ಮಾಂಸವೇ ನೀರು ಬಿಡುತ್ತದೆ. ಹುಳಿ ಇರುವುದರಿಂದ ಸ್ಟೀಲ್ ಕುಕ್ಕರ್ ಆದರೆ ಒಳ್ಳೆಯದು. ಒಂದು ಸೀಟಿ ಆದ ಮೇಲೆ ಸಣ್ಣ ಉರಿಯಲ್ಲಿ 20 ನಿಮಿಷ. ಪ್ರೆಶರ್ ತಾನಾಗಿ ಇಳಿಯಲಿ. ಚೂರಿ ಸಲೀಸಾಗಿ ಇಳಿಯಬೇಕು, ಎಲುಬಿನ ಹತ್ತಿರ ಗುಲಾಬಿ ಬಣ್ಣ ಉಳಿದಿರಬಾರದು. ಹಂದಿ ಮಾಂಸ ಅರೆಬೆಂದರೆ ಲಾಡಿಹುಳುವಿನ ಭಯ ಇದೆ, ಇದರಲ್ಲಿ ರಾಜಿ ಬೇಡವೇ ಬೇಡ.

ತುಂಡುಗಳನ್ನು ಮೆಲ್ಲಗೆ ತೆಗೆದು ತಟ್ಟೆಯಲ್ಲಿ ಹರವಿ, ಫ್ಯಾನಿನ ಕೆಳಗೆ 10 ನಿಮಿಷ ಆರಿಸಿ. ಇದನ್ನು ಬಿಡಬೇಡಿ. ಮೇಲೆ ನೀರಿದ್ದರೆ ಅಲ್ಲಿನ ಬಿಸಿ 100 ಡಿಗ್ರಿ ದಾಟುವುದಿಲ್ಲ, ಕೆಂಪಗಾಗಲು 140ರ ಆಸುಪಾಸು ಬೇಕು. ಅಷ್ಟರಲ್ಲಿ ಕುಕ್ಕರ್‌ನ ರಸದ ಮೇಲಿನ ಕೊಬ್ಬು ತೆಗೆದಿಟ್ಟು, ರಸವನ್ನು ಗಟ್ಟಿಯಾಗುವವರೆಗೆ ಕುದಿಸಿ. ಕೊನೆಗೆ ಎರಡು ಚಮಚ ಜೋನಿ (ನೀರು) ಬೆಲ್ಲ. ಮೊದಲೇ ಹಾಕಿದರೆ ತಳ ಹಿಡಿಯುತ್ತದೆ.

ಕಾವಲಿ ಚೆನ್ನಾಗಿ ಕಾಯಲಿ. ತೆಗೆದಿಟ್ಟ ಕೊಬ್ಬನ್ನೇ ಸವರಿ, ಒಂದೊಂದು ಬದಿ ಮೂರು ನಿಮಿಷ. ಆಮೇಲೆ ಗಟ್ಟಿ ರಸ ಬಳಿದು ಇನ್ನೊಂದು ನಿಮಿಷ ತಿರುಗಿಸಿ. ಕಿಟಕಿ ತೆರೆದಿರಲಿ.

ಓಟಿಜಿ, ಅಂದರೆ ಕರೆಂಟಿನ ಚಿಕ್ಕ ಓವನ್ ಸಿಕ್ಕಿದರೆ, ಕುಕ್ಕರ್ ಬದಲು ಮಸಾಲೆ ಸವರಿಟ್ಟ ತುಂಡುಗಳನ್ನು ಬಾಡಿಸಿದ ಬಾಳೆ ಎಲೆಯಲ್ಲಿ ಸುತ್ತಿ, ಮೇಲೆ ಫಾಯಿಲ್ ಹಾಕಿ, 150 ಡಿಗ್ರಿಯಲ್ಲಿ ಎರಡೂವರೆ ಗಂಟೆ ಇಡಿ. ಬಿಚ್ಚಿ ರಸ ಬಳಿದು 220ರಲ್ಲಿ 10 ನಿಮಿಷ. ಆದರೆ ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ನಂಬಿ ಕೂರಲು ಆಗುವುದಿಲ್ಲ.

ಒಂದು ಮಾತು ಮಾತ್ರ ದಯವಿಟ್ಟು ಕೇಳಿ. ಹೊಗೆ ಬೇಕೆಂದು ಇದ್ದಿಲಿನ ಒಲೆಯನ್ನು ಒಳಗೆ ತರಬೇಡಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಮಳೆಗೆ ಬಾಗಿಲು, ಕಿಟಕಿ ಮುಚ್ಚಿದ ಫ್ಲಾಟಿನಲ್ಲಿ ಅದು ಜೀವಕ್ಕೇ ಅಪಾಯ. ಉಪ್ಪಾಗೆಯ ಹೊಗೆ ಸಾಕು. ಉಳಿದ ರಸ ಎಸೆಯಬೇಡಿ, ಮರುದಿನ ಬೆಳಿಗ್ಗೆ ಬಿಸಿ ಮಾಡಿ ಪಾವ್ ಅದ್ದಿ ತಿನ್ನಿ.